ಜೋಡಿ ಡ್ಯೂಟಿಯವರ ಮನಸ್ಸು ಕುಗ್ಗಿದಾಗ: ಠಾಣೆಯಿಂದ ಪಿಂಚಣಿಯವರೆಗೆ ಮಾಡಬೇಕಾದ್ದು

ಹುಬ್ಬಳ್ಳಿಯಲ್ಲಿ ಹನ್ನೊಂದನೇ ದಿನದ ಗಣಪತಿ ಕಳಿಸಲು ನಿಂತ ಪೊಲೀಸ್ ಸಿಬ್ಬಂದಿ ಮನೆ ಸೇರುವ ಹೊತ್ತಿಗೆ ಮರುದಿನದ ಹಾಲಿನವನು ಬಂದು ಹೋಗಿರುತ್ತಾನೆ. ರಂಗಪಂಚಮಿ, ಮೊಹರಂ, ಸಿದ್ಧಾರೂಢ ಮಠದ ಜಾತ್ರೆ, ಚುನಾವಣೆ ಬಂದರೂ ಇದೇ ಕಥೆ. ಇಂಥ ದಣಿವು ನಾಲ್ಕು ದಿನ ಸರಿಯಾಗಿ ಮಲಗಿದರೆ ಇಳಿಯುತ್ತದೆ. ಮಲಗಿದರೂ ಇಳಿಯದ ದಣಿವು ಬೇರೆಯೇ ಇದೆ. ಅದು ಮೇಲಧಿಕಾರಿಗೆ ಕಾಣುವುದು ಕೊನೆಗೆ, ಮನೆಯವರಿಗೆ ಕಾಣುವುದು ತಡವಾಗಿ. ಮೊದಲು ಕಾಣುವುದು ಜೋಡಿ ಡ್ಯೂಟಿಯವರಿಗೆ: ತುರ್ತು ಕರೆಗೆ ಓಡುವ 112 ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತವರಿಗೆ, ರಾತ್ರಿ ಬೀಟಿಗೆ ಒಂದೇ ಬೈಕಿನಲ್ಲಿ ಹೋಗುವವರಿಗೆ, ತರಬೇತಿ ಶಾಲೆಯಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗಿದ ಬ್ಯಾಚ್‌ಮೇಟಿಗೆ. ಈ ಬರಹ ಮುಖ್ಯವಾಗಿ ಅವರಿಗೆ. ಕಂಡದ್ದನ್ನು ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ತಪ್ಪುತ್ತದೆ ಎಂಬುದಷ್ಟೇ ಇಲ್ಲಿದೆ.

ಮೊದಲು ನಿದ್ದೆ

ಸಿಟ್ಟು, ಮರೆವು, ಮನೆಯಲ್ಲಿ ಜಗಳ, ಎದೆ ಡವಡವ ಇವುಗಳಲ್ಲಿ ಅರ್ಧದಷ್ಟಕ್ಕೆ ನಿದ್ದೆಗೇಡೇ ಕಾರಣವಾಗಿರಬಹುದು. ಆದ್ದರಿಂದ ಬೇರೆ ಏನನ್ನೂ ಊಹಿಸುವ ಮೊದಲು ಎರಡು ವಾರ ನಿದ್ದೆಯ ಲೆಕ್ಕ ಇಡಿ. ಜೇಬಿನ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಸಾಕು: ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ನಡುವೆ ಎಷ್ಟು ಸಲ ಎಚ್ಚರ. 24 ಗಂಟೆಯಲ್ಲಿ ಒಟ್ಟು 7 ಗಂಟೆ ಆಗಬೇಕು. ಒಂದೇ ಸಲ ಆಗದಿದ್ದರೆ ಎರಡು ತುಂಡಾಗಿಯಾದರೂ ಆಗಲಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ 9ರಿಂದ 1, ಮತ್ತೆ ಸಂಜೆ 5ರಿಂದ 8 ಮಲಗುವುದು ಬಹಳ ಜನಕ್ಕೆ ಹೊಂದುತ್ತದೆ.

ರಾತ್ರಿ ಪಾಳಿಯಲ್ಲಿ ಕೊನೆಯ ಚಹಾ ಮನೆಗೆ ಹೋಗಿ ಮಲಗುವುದಕ್ಕೆ 6 ಗಂಟೆ ಮೊದಲು ಆಗಿರಲಿ. ಚಹಾ, ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಬೆಳಗಿನ ಜಾವ 5ಕ್ಕೆ ಕುಡಿದ ಖಡಕ್ ಚಹಾ 9ಕ್ಕೂ ಕೆಲಸ ಮಾಡುತ್ತಿರುತ್ತದೆ. ಕ್ವಾರ್ಟರ್ಸಿನ ಕಿಟಕಿಗೆ ದಪ್ಪ ಚಾದರ ಕಟ್ಟಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಠಾಣೆಯಿಂದ ತುರ್ತು ಕರೆ ಬರಬಹುದೆಂಬ ಭಯವಿದ್ದರೆ ಠಾಣೆಯ ನಂಬರಿಗೆ ಮಾತ್ರ ಗಂಟೆ ಬಾರಿಸುವಂತೆ ಇಟ್ಟುಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಸತತ 17 ಗಂಟೆ ಎಚ್ಚರವಿದ್ದವರ ಕೈ, ಕಣ್ಣು, ತೀರ್ಮಾನ ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ ನಿಧಾನವಾಗುತ್ತವೆ. ಕುಡಿದು ಗಾಡಿ ಓಡಿಸಿದವರನ್ನು ನಾವು ಹಿಡಿಯುವುದು 30 ಮಿಲಿಗ್ರಾಂಗೆ. ಹೀಗಿರುವಾಗ ಬಂದೋಬಸ್ತ್ ಮುಗಿಸಿದವರು ಬೆಳಗಿನ ಜಾವ ಹುಬ್ಬಳ್ಳಿಯಿಂದ ಧಾರವಾಡಕ್ಕೋ, ಕುಂದಗೋಳಕ್ಕೋ ಬೈಕ್ ಹತ್ತುವುದನ್ನು ಜೋಡಿಯವರು ತಡೆಯಬೇಕು. ಠಾಣೆಯ ಬೆಂಚಿನ ಮೇಲೆ 20 ನಿಮಿಷ ಕಣ್ಣು ಮುಚ್ಚಿಸಿ, ಮುಖ ತೊಳೆಸಿ ಕಳಿಸಿ. ಅದಕ್ಕಿಂತ ಒಳ್ಳೆಯದು ಬಸ್ಸು.

ಎರಡು ವಾರ ಹೊತ್ತಿಗೆ ಸರಿಯಾಗಿ ಹಾಸಿಗೆ ಸೇರಿಯೂ ನಿದ್ದೆ ಬರದಿದ್ದರೆ ಅಥವಾ ಬೆಳಗಿನ ಜಾವ 3ಕ್ಕೆ ಎಚ್ಚರವಾಗಿ ಮತ್ತೆ ಕಣ್ಣು ಹತ್ತದಿದ್ದರೆ ಅದು ಬರೀ ಪಾಳಿಯ ತೊಂದರೆ ಅಲ್ಲ. ಆಗ ಮೆಡಿಕಲ್ ಶಾಪಿನ ಪರಿಚಯದವರಿಂದ ಅಲ್ಪ್ರಾಜೋಲಮ್, ಕ್ಲೋನಾಜೆಪಾಮ್ ತಂದು ನುಂಗುವುದು ನಮ್ಮವರಲ್ಲಿ ನಡೆಯುವ ದೊಡ್ಡ ತಪ್ಪು. ಕೆಲವೇ ವಾರಗಳಲ್ಲಿ ಆ ಗುಳಿಗೆಯಿಲ್ಲದೆ ನಿದ್ದೆಯೇ ಬರದ ಸ್ಥಿತಿ ಆಗುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಕೆಟ್ಟದ್ದನ್ನು ನೋಡಿ ಬಂದ ದಿನ

ಬೈಪಾಸಿನ ಅಪಘಾತ, ರೈಲು ಹಳಿಯ ಹೆಣ, ಬಾವಿಯಿಂದ ತೆಗೆದ ಮಗು, ಪೋಕ್ಸೊ ಪ್ರಕರಣದ ಹೇಳಿಕೆ. ಯುಡಿಆರ್ (ಅಸಹಜ ಸಾವಿನ) ಪ್ರಕರಣದಲ್ಲಿ ಪಂಚನಾಮೆಯಿಂದ ಶವಾಗಾರದವರೆಗೆ ಹೆಣದ ಜೊತೆ ಇರುವುದು ಹೆಚ್ಚಾಗಿ ಒಬ್ಬ ಕಾನ್‌ಸ್ಟೇಬಲ್. ಸಂಬಂಧಿಕರ ಅಳು ಕೇಳುವುದೂ ಅವರೇ, ಮರಣೋತ್ತರ ಪರೀಕ್ಷೆ ಮುಗಿಯುವವರೆಗೆ ಹೊರಗೆ ನಿಲ್ಲುವುದೂ ಅವರೇ. ಅಂಥ ದಿನ ಜೋಡಿಯವರು ಮಾಡಬೇಕಾದ್ದು ಹೀಗಿದೆ.

ಮೊದಲು ಆ ಜಾಗದಿಂದ ದೂರ ಕರೆದುಕೊಂಡು ಹೋಗಿ. ಕೈಕಾಲು, ಮುಖ ತೊಳೆದುಕೊಳ್ಳಲಿ, ಸಾಧ್ಯವಾದರೆ ಸಮವಸ್ತ್ರ ಬದಲಿಸಲಿ. ಬಟ್ಟೆಗೆ ಹತ್ತಿದ ವಾಸನೆ ನೆನಪನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಆಮೇಲೆ ಬಿಸಿಯಾದ ಏನಾದರೂ ಹೊಟ್ಟೆಗೆ ಬೀಳಲಿ. ಮಾಂಸ ನೋಡಲು ಆಗುವುದಿಲ್ಲ ಎಂದರೆ ಒತ್ತಾಯ ಬೇಡ, ಅನ್ನ ಮಜ್ಜಿಗೆ ಸಾಕು. ಆ ರಾತ್ರಿ ಕುಡಿಯಲು ಕರೆದುಕೊಂಡು ಹೋಗಬೇಡಿ. ‘ಒಂದ್ ಪೆಗ್ ಹಾಕು, ಮರ್ತು ಹೋಗ್ತದ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ನಿಜ. ಆದರೆ ಕುಡಿದ ನಿದ್ದೆ ಅರ್ಧ ರಾತ್ರಿಗೇ ಒಡೆಯುತ್ತದೆ, ಕಂಡದ್ದು ಮನಸ್ಸಿನಲ್ಲಿ ಸರಿಯಾಗಿ ಅಡಗುವುದಿಲ್ಲ.

ಮಾತಾಡಲು ಒತ್ತಾಯಿಸಲೂಬೇಡಿ. ಘಟನೆ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಒಬ್ಬೊಬ್ಬರಾಗಿ ಹೇಳಿಸುವ ಪದ್ಧತಿ ಮೊದಲು ಹಲವು ದೇಶಗಳ ಪೊಲೀಸರಲ್ಲಿತ್ತು. ಅದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲವೆಂದು ಗೊತ್ತಾದ ಮೇಲೆ ತಜ್ಞರು ಅದನ್ನು ಕೈಬಿಟ್ಟಿದ್ದಾರೆ. ಹೇಳಿದರೆ ಕೇಳಿ, ಹೇಳದಿದ್ದರೆ ಜೊತೆಗೆ ಕೂತಿರಿ. ಹೊರಡುವಾಗ ನಾಳೆ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂದು ಹೇಳಿ ಹೋಗಿ. ಮತ್ತು ಅದೇ ಹೊತ್ತಿಗೆ ಮಾಡಿ.

ಮೊದಲ ಒಂದೆರಡು ವಾರ ಕೆಟ್ಟ ಕನಸು, ಬೆಚ್ಚುವುದು, ಆ ದಾರಿಯಲ್ಲಿ ಹೋಗಲು ಮನಸ್ಸಾಗದಿರುವುದು ಸಹಜ. ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಕಣ್ಣೆದುರು ಅದೇ ದೃಶ್ಯ ಬರುತ್ತಿದ್ದರೆ, ಆ ರಸ್ತೆಯನ್ನು ತಪ್ಪಿಸಲು ಸುತ್ತು ಹಾಕುತ್ತಿದ್ದರೆ, ಟೈರ್ ಒಡೆದ ಸದ್ದಿಗೂ ಮೈ ಝಲ್ಲೆನ್ನುತ್ತಿದ್ದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ‘ಇಷ್ಟು ವರ್ಷ ಸರ್ವಿಸ್ ಆದವ್ರಿಗೂ ಹಿಂಗಾಗ್ತದೇನು’ ಎಂಬ ಪ್ರಶ್ನೆಗೆ ಉತ್ತರ: ಆಗುತ್ತದೆ. ನೋಡಿದ್ದು ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ, ನೂರನೆಯ ಹೆಣಕ್ಕೆ ಆಗದ್ದು ನೂರೊಂದನೆಯದಕ್ಕೆ ಆಗಬಹುದು. ಸತ್ತ ಮಗು ತಮ್ಮ ಮಗುವಿನ ವಯಸ್ಸಿನದಾಗಿದ್ದರೆ ಇನ್ನೂ ಬೇಗ.

ಏನು ಬದಲಾದರೆ ಗಮನಿಸಬೇಕು

ಪೊಲೀಸರು ‘ನನಗೆ ಬೇಜಾರು’ ಎಂದು ಹೇಳುವುದು ಕಡಿಮೆ. ಅದು ಕೆಲಸದಲ್ಲಿ ಕಾಣುತ್ತದೆ. ರೋಲ್ ಕಾಲಿಗೆ ಹತ್ತು ನಿಮಿಷ ಮೊದಲೇ ಬರುತ್ತಿದ್ದವರು ತಡವಾಗಿ ಬರತೊಡಗುತ್ತಾರೆ. ಶೂಸಿಗೆ ಪಾಲಿಶ್ ಇರುವುದಿಲ್ಲ, ಗಡ್ಡ ಬೋಳಿಸಿರುವುದಿಲ್ಲ. ಸಮನ್ಸ್, ವಾರಂಟುಗಳು ಡ್ರಾದಲ್ಲಿ ಉಳಿಯುತ್ತವೆ. ಕೇಸ್ ಡೈರಿ ಬರೆಯಲು ಕೂತು ಒಂದು ಪುಟಕ್ಕೆ ಎರಡು ಗಂಟೆ ತೆಗೆದುಕೊಳ್ಳುತ್ತಾರೆ. ಠಾಣೆಗೆ ಬಂದ ದೂರುದಾರರ ಮೇಲೆ ಸಣ್ಣದಕ್ಕೂ ಕೈ ಎತ್ತುತ್ತಾರೆ. ಮನೆಯಿಂದ ತಂದ ರೊಟ್ಟಿ ಬುತ್ತಿ ಬಿಚ್ಚದೆ ವಾಪಸ್ ಹೋಗುತ್ತದೆ. ಡ್ಯೂಟಿ ಮುಗಿದರೂ ಮನೆಗೆ ಹೋಗುವುದಿಲ್ಲ. ಅಥವಾ ವಾರದ ರಜೆ ಕೊಟ್ಟರೂ ಬೇಡವೆಂದು ಠಾಣೆಯಲ್ಲೇ ಉಳಿಯುತ್ತಾರೆ. ಇದನ್ನು ಕರ್ತವ್ಯನಿಷ್ಠೆ ಎಂದು ಹೊಗಳುವ ಅಧಿಕಾರಿಗಳಿದ್ದಾರೆ. ದಯವಿಟ್ಟು ಒಮ್ಮೆ ವಿಚಾರಿಸಿ.

ಇವುಗಳಲ್ಲಿ ಒಂದು ಕಂಡರೆ ನೋಡುತ್ತಿರಿ. ಮೂರು ನಾಲ್ಕು ಸೇರಿ, ದಿನದ ಹೆಚ್ಚು ಹೊತ್ತು, ಎರಡು ವಾರ ಇದ್ದರೆ ಕೇಳಲೇಬೇಕು.

ಹೆಚ್ಚು ಎಚ್ಚರ ಬೇಕಾದ ಹೊತ್ತುಗಳು ಕೆಲವಿವೆ: ಅಮಾನತು ಅಥವಾ ಇಲಾಖಾ ವಿಚಾರಣೆಯ ನೋಟಿಸ್ ಬಂದ ಮೊದಲ ವಾರ, ದೂರದ ಊರಿಗೆ ವರ್ಗವಾಗಿ ಕುಟುಂಬ ಇಲ್ಲೇ ಉಳಿದಾಗ, ಕೈಸಾಲ ಅಥವಾ ಫೋನಿನ ಸಾಲದ ಆಪ್‌ಗಳು ಬೆನ್ನು ಹತ್ತಿದಾಗ, ಮಗ ಅಥವಾ ಮಗಳು ಹೇಳದೆ ಕೇಳದೆ ಮದುವೆಯಾದಾಗ. ಅಮಾನತಾದವರ ಮನೆಗೆ ಹೋಗಲು ಜೊತೆಯವರೇ ಹಿಂಜರಿಯುತ್ತಾರೆ, ತಮ್ಮ ಮೇಲೂ ಕಣ್ಣು ಬೀಳುತ್ತದೆಂಬ ಅಂಜಿಕೆ. ವಿಚಾರಣೆಯ ವಿಷಯ ಎತ್ತದೆ ಚಹಾ ಕುಡಿದು ಬರುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಮೊನ್ನೆವರೆಗೆ ಸೆಲ್ಯೂಟ್ ಹೊಡೆಸಿಕೊಂಡವರಿಗೆ ಫೋನೇ ಬರದ ಆ ದಿನಗಳು ಬಹಳ ಭಾರ.

ಮಹಿಳಾ ಸಿಬ್ಬಂದಿಯ ವಿಷಯ ಬೇರೆಯಾಗಿಯೇ ನೋಡಬೇಕು. ಇಡೀ ದಿನದ ಬಂದೋಬಸ್ತಿನಲ್ಲಿ ಶೌಚಾಲಯ ಸಿಗದೆಂದು ನೀರು ಕುಡಿಯದೆ ನಿಲ್ಲುತ್ತಾರೆ, ತಲೆನೋವು, ಸಿಟ್ಟು, ಮೂತ್ರದ ಸೋಂಕು ಅಲ್ಲಿಂದಲೇ ಶುರು. ಬಂದೋಬಸ್ತ್ ಹಂಚುವವರು ಹತ್ತಿರದ ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿ ಪಾಯಿಂಟ್ ಕೊಟ್ಟರೆ ಅರ್ಧ ತೊಂದರೆ ಹೋಗುತ್ತದೆ. ಹೆರಿಗೆ ರಜೆ ಮುಗಿಸಿ ಬಂದವರಲ್ಲಿ ಅಳು, ನಿರಾಸಕ್ತಿ, ಮಗುವಿನ ಬಗ್ಗೆ ವಿಪರೀತ ಭಯ ಕಂಡರೆ ಹೆರಿಗೆ ನಂತರದ ಖಿನ್ನತೆಯೇ ಎಂದು ವೈದ್ಯರ ಹತ್ತಿರ ತೋರಿಸಬೇಕು. ಮಗುವಿನ ಪಾಲನೆಗೆ ಸರಕಾರ ಮಹಿಳಾ ನೌಕರರಿಗೆ ಕೊಡುವ 180 ದಿನಗಳ ರಜೆಯನ್ನು ಹಲವರು ಕೇಳುವುದೇ ಇಲ್ಲ.

ಕೇಳುವುದು ಹೇಗೆ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಕೆಡುವುದೂ ಇಲ್ಲೇ.

ಜಾಗ: ಠಾಣೆಯೊಳಗೆ ಬೇಡ. ರೈಟರ್, ಸೆಂಟ್ರಿ, ಬಂದು ಹೋಗುವವರು, ಯಾರ ಕಿವಿಗಾದರೂ ಬಿದ್ದರೆ ಸಂಜೆಗೆ ಊರೆಲ್ಲ ಸುದ್ದಿ. ಉಣಕಲ್ ಕೆರೆಯ ದಂಡೆ, ಸಾಧನಕೇರಿ, ಗದಗಿನವರಿಗೆ ಭೀಷ್ಮ ಕೆರೆ, ಹಾವೇರಿಯವರಿಗೆ ಹೆಗ್ಗೇರಿ ಇಂಥ ಕಡೆ ನಡೆಯುತ್ತಾ ಮಾತಾಡಿ. ಎದುರುಬದುರು ಕೂತರೆ ವಿಚಾರಣೆಯಂತೆ ಆಗುತ್ತದೆ. ಪಕ್ಕದಲ್ಲಿ ನಡೆಯುವಾಗ, ಗಾಡಿಯಲ್ಲಿ ಕೂತಾಗ ಮಾತು ಸುಲಭ.

ಹೊತ್ತು: ಇಬ್ಬರಿಗೂ ಡ್ಯೂಟಿ ಇಲ್ಲದ, ಕುಡಿಯದ ಹೊತ್ತು. ಕನಿಷ್ಠ ಒಂದು ಗಂಟೆ ಬಿಡುವಿರಲಿ.

ಶುರು ಮಾಡುವುದು: ಕಂಡದ್ದನ್ನು ಕಂಡಂತೆ ಹೇಳಿ. ‘ಅಣ್ಣಾ, ಹದಿನೈದ್ ದಿನಾತು, ನೀವ್ ಬುತ್ತಿನ ಬಿಚ್ಚವಲ್ರಿ. ರಾತ್ರಿ ನಿದ್ದಿ ಆಗ್ತದೇನ್ರಿ?’ ಹಿರಿಯರಾದರೆ ಹೀಗೆ. ಬ್ಯಾಚಿನವರಾದರೆ ‘ದೋಸ್ತ, ನೀ ಮೊದ್ಲಿನಂಗಿಲ್ಲ ನೋಡು. ಏನಾಗೇದ ಹೇಳಪಾ’ ಎಂದರೆ ಸಾಕು. ‘ಏನರ ತಲಿ ಕೆಟ್ಟೈತೇನು?’ ಎಂದು ನಗುತ್ತ ಕೇಳಿದರೆ ಬಾಗಿಲು ಅಲ್ಲಿಗೇ ಮುಚ್ಚಿತು.

ಮೊದಲ ಉತ್ತರ ‘ಏನಿಲ್ಲ, ಆರಾಮ ಅದೀನಿ’ ಎಂದೇ ಬರುತ್ತದೆ. ಅದನ್ನು ಒಪ್ಪಿ ಎದ್ದುಬಿಡಬೇಡಿ, ಎದುರು ವಾದವನ್ನೂ ಮಾಡಬೇಡಿ. ಎರಡು ನಿಮಿಷ ಸುಮ್ಮನಿರಿ. ಪೊಲೀಸರಿಗೆ ಪ್ರಶ್ನೆ ಕೇಳುವ ಅಭ್ಯಾಸ ಹೆಚ್ಚು. ಇಲ್ಲಿ ಆ ಅಭ್ಯಾಸವನ್ನು ಬದಿಗಿಡಬೇಕು. ಯಾವಾಗ, ಎಲ್ಲಿ, ಯಾರು ಎಂದು ಬಿಡಿಸಿ ಬಿಡಿಸಿ ಕೇಳಿದರೆ ಅವರು ಹೇಳಿಕೆ ಕೊಡುವವರಂತೆ ಅಳೆದು ಮಾತಾಡುತ್ತಾರೆ.

ಹೇಳತೊಡಗಿದಾಗ ನಿಮ್ಮ ಕಷ್ಟದ ಕಥೆ ತೆಗೆಯಬೇಡಿ. ‘ಧೈರ್ಯ ತಗೋ’, ‘ಹೆಂಡ್ತಿ ಮಕ್ಕಳ ಮಾರಿ ನೋಡು’ ಎನ್ನಬೇಡಿ. ಹೆಂಡತಿ ಮಕ್ಕಳಿಗೆ ತಾನು ಭಾರವಾಗಿದ್ದೇನೆಂಬ ಭಾವನೆಯೇ ಎಷ್ಟೋ ಸಲ ಅವರ ನೋವಿನ ಮೂಲವಾಗಿರುತ್ತದೆ.

ಕೊನೆಗೆ ನೇರವಾದ ಒಂದು ಪ್ರಶ್ನೆ ಕೇಳಲೇಬೇಕು: ‘ಸಾಯಬೇಕು ಅನ್ನೂ ವಿಚಾರ ಬಂದೈತೇನ್ರಿ?’ ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತೆ ಎಂಬ ಭಯ ಬೇಡ. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುವವರೇ ಹೆಚ್ಚು.

ಉತ್ತರ ‘ಹೌದು’ ಆದರೆ

ಆ ಕ್ಷಣದಿಂದ ಅವರನ್ನು ಒಬ್ಬರೇ ಬಿಡಬೇಡಿ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರೂ ಆ ಆಣೆಗೆ ಕಟ್ಟುಬೀಳುವುದು ಬೇಡ. ಮೂರು ಜನಕ್ಕೆ ತಿಳಿಯಬೇಕು: ಮನೆಯ ಒಬ್ಬರು, ಠಾಣಾಧಿಕಾರಿ, ವೈದ್ಯರು. ಇವರ ಹೊರತು ನಾಲ್ಕನೆಯವರಿಗೆ ಬೇಡ.

ಶಸ್ತ್ರ ಕೂಡಲೇ ಕೈಯಿಂದ ದೂರವಾಗಬೇಕು. ಗಾರ್ಡ್ ಡ್ಯೂಟಿ, ಎಸ್ಕಾರ್ಟ್, ಸಿಎಆರ್, ಡಿಎಆರ್, ಕೆಎಸ್‌ಆರ್‌ಪಿ ಎಂಬ ಸಶಸ್ತ್ರ ಮೀಸಲು ಪಡೆಗಳ ಸಿಬ್ಬಂದಿಯ ವಿಷಯದಲ್ಲಿ ಇದಕ್ಕೆ ಒಂದು ಗಂಟೆಯೂ ತಡ ಮಾಡಬಾರದು. ಬಂದೂಕು, ಗುಂಡು ಎರಡನ್ನೂ ಶಸ್ತ್ರಾಗಾರಕ್ಕೆ ಮರಳಿಸಿ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಅಧಿಕಾರಿಯಾದವರು ಇದನ್ನು ಮಾಡುವ ರೀತಿ ಮುಖ್ಯ. ರೋಲ್ ಕಾಲಿನಲ್ಲಿ ಎಲ್ಲರೆದುರು ‘ಇವ್ರಿಗೆ ವೆಪನ್ ಕೊಡಬ್ಯಾಡ್ರಿ’ ಎಂದರೆ ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ನ್ಯಾಯಾಲಯ ಡ್ಯೂಟಿ, ಕಂಟ್ರೋಲ್ ರೂಮ್, ಸಮನ್ಸ್ ಹೀಗೆ ಶಸ್ತ್ರವಿಲ್ಲದ ಹಗಲು ಕೆಲಸಕ್ಕೆ ಬದಲಿಸಿದರೆ ಸಾಕು. ಕಾರಣ ಬರೆಯುವ ಅಗತ್ಯವಿಲ್ಲದ ಬದಲಾವಣೆಗಳು ಠಾಣೆಯಲ್ಲಿ ದಿನವೂ ಆಗುತ್ತವೆ, ಇದೂ ಹಾಗೆಯೇ ಆಗಲಿ.

ಟೆಲಿ ಮಾನಸ್ ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸರಕಾರಿ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಬೇರೆ ದಾರಿ ತೋಚದಿದ್ದರೆ ಪಕ್ಕದಲ್ಲಿ ಕೂತು ನೀವೇ ಫೋನ್ ಹಚ್ಚಿ ಕೊಡಿ. ಜೀವಕ್ಕೆ ಆಗಲೇ ಅಪಾಯವಾಗಿದ್ದರೆ ನೇರವಾಗಿ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ‘ಕೇಸ್ ಆಗ್ತದ’ ಎಂದು ಮುಚ್ಚಿಡುವುದರಲ್ಲಿ ಹೊತ್ತು ಕಳೆಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಅವರಿಗೆ ಆರೈಕೆ ಕೊಡಿಸುವುದು ಸರಕಾರದ ಹೊಣೆ.

ಆಸ್ಪತ್ರೆಗೆ ಹೋಗುವ ದಿನ

ಧಾರವಾಡದ ಬೆಳಗಾವಿ ರಸ್ತೆಯ ಸರಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಈ ಭಾಗದ ದೊಡ್ಡ ಆಧಾರ. ವ್ಯಸನ ಬಿಡಿಸುವ ಚಿಕಿತ್ಸೆಯೂ ಅಲ್ಲಿದೆ. ಹುಬ್ಬಳ್ಳಿ ವಿದ್ಯಾನಗರದ, ಎಲ್ಲರೂ ಕಿಮ್ಸ್ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜು, ಗದಗಿನ ಮಲ್ಲಸಮುದ್ರದ ವೈದ್ಯಕೀಯ ಕಾಲೇಜು ಜಿಮ್ಸ್, ಹಾವೇರಿ ಜಿಲ್ಲಾ ಆಸ್ಪತ್ರೆ ಇಲ್ಲೆಲ್ಲ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ಹೋಗುವ ಮೊದಲು ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಕೇಳಿಕೊಳ್ಳಿ.

ಆರೋಪಿಗಳನ್ನು ತಪಾಸಣೆಗೆ ಕರೆದೊಯ್ದ ಅದೇ ಆಸ್ಪತ್ರೆಯಲ್ಲಿ ತಾವೇ ಸಾಲಿನಲ್ಲಿ ನಿಲ್ಲುವುದು ಪೊಲೀಸರಿಗೆ ಕಷ್ಟ. ಅದಕ್ಕೆ ದಾರಿಗಳಿವೆ. ಸಾದಾ ಬಟ್ಟೆಯಲ್ಲಿ ಹೋಗಿ. ಹುಬ್ಬಳ್ಳಿಯವರು ಧಾರವಾಡಕ್ಕೆ, ಗದಗಿನವರು ಹುಬ್ಬಳ್ಳಿಗೆ ಹೋಗಬಹುದು. ಬೆಳಿಗ್ಗೆ ಚೀಟಿ ಮಾಡಿಸುವ ಹೊತ್ತಿಗೇ ಹೋದರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಜೋಡಿಯವರು ಜೊತೆಗೆ ಹೋಗಿ, ಆದರೆ ವೈದ್ಯರ ಕೋಣೆಯ ಹೊರಗೆ ಇರಿ. ನಿದ್ದೆಯ ನೋಟ್‌ಬುಕ್, ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ, ಸಕ್ಕರೆ, ರಕ್ತದೊತ್ತಡದ ರಿಪೋರ್ಟು ಒಯ್ಯಿರಿ. ಥೈರಾಯ್ಡ್ ತೊಂದರೆಯೂ ಖಿನ್ನತೆಯಂತೆ ಕಾಣಬಹುದಾದ್ದರಿಂದ ರಕ್ತ ಪರೀಕ್ಷೆ ಬರೆದರೆ ಬೇಸರಿಸಬೇಡಿ.

ವೈದ್ಯರಿಗೆ ಎರಡು ವಿಷಯ ಮರೆಯದೆ ಹೇಳಬೇಕು: ರಾತ್ರಿ ಪಾಳಿ ಇದೆ, ಶಸ್ತ್ರ ಹಿಡಿಯುವ ಕೆಲಸ. ತೂಕಡಿಕೆ ತರುವ ಗುಳಿಗೆಯ ಹೊತ್ತು, ಪ್ರಮಾಣ ಅದರ ಮೇಲೆ ನಿಂತಿದೆ. ಖಿನ್ನತೆಯ ಗುಳಿಗೆ ಕೆಲಸ ಮಾಡಲು 2ರಿಂದ 4 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಆಗಬಹುದು. ಹತ್ತು ದಿನ ನುಂಗಿ ‘ಏನೂ ಉಪಯೋಗ ಇಲ್ಲ’ ಎಂದು ಬಿಡುವವರಿದ್ದಾರೆ, ಆರಾಮಾಯಿತೆಂದು ಎರಡನೇ ತಿಂಗಳಿಗೆ ಬಿಡುವವರೂ ಇದ್ದಾರೆ. ಆರಾಮಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು, ಬಿಡುವುದೂ ವೈದ್ಯರು ಹೇಳಿದಂತೆ ನಿಧಾನವಾಗಿ.

ರಜೆಯ ಕಾಗದ ಸರಿಯಾಗಿರಲಿ. ಹೇಳದೆ ಗೈರಾದರೆ ಕಾಯಿಲೆಯ ಮೇಲೆ ಮೆಮೊ, ಇಲಾಖಾ ವಿಚಾರಣೆ ಸೇರಿಕೊಳ್ಳುತ್ತವೆ. ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತವೆ. ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಎರಡು ಅರ್ಧ ವೇತನದ ದಿನಗಳನ್ನು ಒಂದು ಪೂರ್ಣ ವೇತನದ ದಿನವಾಗಿ ಪರಿವರ್ತಿಸಿಕೊಳ್ಳಬಹುದು. ವೈದ್ಯಕೀಯ ರಜೆಯಿಂದ ಹಾಜರಾಗುವಾಗ ದೇಹದಾರ್ಢ್ಯ (ಫಿಟ್‌ನೆಸ್) ಪ್ರಮಾಣಪತ್ರ ಬೇಕು, ಕೊನೆಯ ಭೇಟಿಯಲ್ಲೇ ಬರೆಸಿಕೊಳ್ಳಿ. ಕಾಯಿಲೆಯ ವಿವರ ಎಷ್ಟು ಬರೆಯಬೇಕೆಂದು ವೈದ್ಯರ ಜೊತೆ ಮೊದಲೇ ಮಾತಾಡಿ. ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕೆಂಬ ಹಕ್ಕನ್ನು 2017ರ ಕಾಯ್ದೆಯ 23ನೇ ಕಲಮು ಕೊಟ್ಟಿದೆ. ಖಾಸಗಿ ಆಸ್ಪತ್ರೆಗೆ ಸೇರುವುದಾದರೆ, ಸೇವೆಯಲ್ಲಿರುವ ಪೊಲೀಸರಿಗಿರುವ ಆರೋಗ್ಯ ಭಾಗ್ಯ ಯೋಜನೆಯಲ್ಲಿ ಆ ಆಸ್ಪತ್ರೆ ಮತ್ತು ಆ ಚಿಕಿತ್ಸೆ ಎರಡೂ ಇವೆಯೇ ಎಂದು ಸೇರುವ ಮೊದಲು ಕಚೇರಿಯಲ್ಲಿ ಕೇಳಿ.

ಕುಡಿತ

ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಅಪಾಯ. 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನ ಗೊಂದಲ, ಇಲ್ಲದ್ದು ಕಾಣುವುದು ಶುರುವಾಗಬಹುದು. ಇದು ಪ್ರಾಣಕ್ಕೂ ಎರವಾಗಬಹುದು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತಿದ್ದು ಕುಡಿದರೆ ನಿಲ್ಲುತ್ತಿದ್ದರೆ, ಬಿಡುವುದು ಆಸ್ಪತ್ರೆಯಲ್ಲೇ ಆಗಬೇಕು. ಮೇಲಧಿಕಾರಿ ಬೈದರೆಂದು ಸೋಮವಾರದಿಂದ ಬಿಟ್ಟು ಬುಧವಾರ ಪರೇಡಿನಲ್ಲಿ ಬೀಳುವುದು ಹೀಗೆಯೇ.

ಇನ್ನೊಂದು ಎಚ್ಚರ ಮನೆಯವರಿಗೆ. ಕುಡಿತ ಬಿಡಿಸುವ ಪುಡಿ ಎಂದು ಜಾಹೀರಾತು ನೋಡಿ ತರಿಸಿ, ಸಾರಿನಲ್ಲಿ ಗುಟ್ಟಾಗಿ ಕಲಸಬೇಡಿ. ಡೈಸಲ್ಫಿರಾಮ್ ಎಂಬ ಔಷಧಿ ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿಯುತ್ತದೆ, ಹೃದಯಕ್ಕೆ ಅಪಾಯ. ಅದನ್ನು ಕುಡಿಯುವವರು ತಿಳಿದು, ಒಪ್ಪಿ, ವೈದ್ಯರ ಕೈಕೆಳಗೆ ಮಾತ್ರ ತೆಗೆದುಕೊಳ್ಳಬೇಕು.

ನಿವೃತ್ತಿಗೆ ಎರಡು ವರ್ಷ ಇರುವಾಗ

60 ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು, ಫೋಟೊ. ಮರುದಿನ ಬೆಳಿಗ್ಗೆ 6ಕ್ಕೆ ಎಚ್ಚರ, ಹೋಗಲು ಜಾಗವಿಲ್ಲ. 35 ವರ್ಷ ಹಗಲು ರಾತ್ರಿ ಬಡಿದ ಫೋನು ಮೂರನೇ ವಾರಕ್ಕೆ ತಣ್ಣಗಾಗುತ್ತದೆ. ಇದಕ್ಕೆ ತಯಾರಿ 58ಕ್ಕೇ ಶುರುವಾಗಬೇಕು.

ಕಾಗದದ ಚಿಂತೆ ಮನಸ್ಸನ್ನು ಹೆಚ್ಚು ಕೊರೆಯುವುದರಿಂದ ಅದು ಮೊದಲು. ಸೇವಾ ಪುಸ್ತಕ ತೆಗೆಸಿ ಜನ್ಮ ದಿನಾಂಕ, ಬಡ್ತಿ, ವಾರ್ಷಿಕ ಬಡ್ತಿಗಳ ನಮೂದು, ಹಳೆಯ ಅಮಾನತಿನ ಅವಧಿ ಕರ್ತವ್ಯವೆಂದು ಪರಿಗಣಿತವಾಗಿದೆಯೇ, ಗಳಿಕೆ ರಜೆಯ ಲೆಕ್ಕ ಎಲ್ಲ ನೋಡಿ. ನಗದೀಕರಣ ಸಿಗುವುದು ಹೆಚ್ಚೆಂದರೆ 300 ದಿನಕ್ಕೆ. ಕೆಜಿಐಡಿ (ಸರಕಾರಿ ವಿಮಾ ಇಲಾಖೆ) ಪಾಲಿಸಿ, ಗುಂಪು ವಿಮೆ, ಬ್ಯಾಂಕ್ ಖಾತೆ ಎಲ್ಲದರಲ್ಲೂ ನಾಮನಿರ್ದೇಶನ ಸರಿಯಿದೆಯೇ ನೋಡಿ. ಮದುವೆಗೆ ಮೊದಲು ಸೇರಿದವರ ಕಾಗದದಲ್ಲಿ ಇನ್ನೂ ತಂದೆಯ ಹೆಸರೇ ಇರುವುದುಂಟು. ಪಿಂಚಣಿ ದಾಖಲೆಯಲ್ಲಿ ಹೆಂಡತಿಯ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಲ್ಲಬಹುದು. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರು ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಖಾತೆಯ ನಾಮನಿರ್ದೇಶನವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಎಲ್ಲಿ ಇರುವುದೆಂದು ಮನೆಯವರ ಜೊತೆ ತೀರ್ಮಾನಿಸಿ. ಊರಿಗೆ ಹೋಗಿ ಹೊಲ ಮಾಡುತ್ತೇನೆ ಎನ್ನುವವರು ಬಹಳ. ಮಕ್ಕಳು ಹುಬ್ಬಳ್ಳಿಯಲ್ಲಿ ಬೆಳೆದವರು, ಹೆಂಡತಿಯ ನಂಟು ಕ್ವಾರ್ಟರ್ಸಿನ ಅಕ್ಕಪಕ್ಕದವರೊಂದಿಗೆ. ನವಲಗುಂದದ ಎರಿ ಹೊಲ ಮಳೆಗಾಲದಲ್ಲಿ ಹೇಗಿರುತ್ತದೆಂದು 40 ವರ್ಷದಿಂದ ನೋಡದವರು, ರಜೆ ಹಾಕಿ ಒಂದು ಹಿಂಗಾರಿ ಹಂಗಾಮು ಅಲ್ಲಿದ್ದು ನೋಡಿ ಆಮೇಲೆ ನಿರ್ಧರಿಸಲಿ.

ಮೊದಲ ವರ್ಷ

ಕೈಗೆ ಬಂದ ಇಡುಗಂಟನ್ನು 6 ತಿಂಗಳು ಬ್ಯಾಂಕಿನಲ್ಲೇ ಬಿಡಿ. ಸೈಟು, ಚೀಟಿ, ಸಂಬಂಧಿಕರ ವ್ಯಾಪಾರ ಎಲ್ಲದಕ್ಕೂ ‘ಮುಂದಿನ ವರ್ಷ ನೋಡೂಣ’ ಎಂಬ ಒಂದೇ ಉತ್ತರ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ 5 ವರ್ಷಕ್ಕೆ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಜೀವಂತ ಪ್ರಮಾಣಪತ್ರ ನವೀಕರಣ, ಡಿಜಿಟಲ್ ಅರೆಸ್ಟ್ ಎಂದು ಬರುವ ಕರೆಗಳಿಗೆ ನಿವೃತ್ತ ಪೊಲೀಸರೂ ಹಣ ಕಳೆದುಕೊಳ್ಳಬಹುದು. ಹಾಗಾದರೆ ನಾಚಿಕೆಪಟ್ಟು ಕೂರದೆ ಅದೇ ಗಳಿಗೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆ ಕಳೆಯುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ.

ದಿನಕ್ಕೆ ಒಂದು ಚೌಕಟ್ಟು ಬೇಕು. ಬೆಳಿಗ್ಗೆ 45 ನಿಮಿಷ ನಡಿಗೆ, ಹಗಲು ಮನೆಯ ಹೊರಗಿನ ಒಂದು ಕೆಲಸ, ಸಂಜೆ ಒಬ್ಬರಾದರೂ ಹೊರಗಿನವರ ಜೊತೆ ಮಾತು. ಮನೆಯಲ್ಲಿ ಠಾಣೆ ನಡೆಸಲು ಹೋಗಬೇಡಿ. ‘ಎಲ್ಲಿಗೆ ಹೊಂಟಿ, ಯಾವಾಗ ಬರ್ತಿ’ ಎಂದು ಸೊಸೆಯನ್ನು, ಮಗನನ್ನು ಕೇಳತೊಡಗಿದರೆ ಮೂರು ತಿಂಗಳಿಗೆ ಮನೆ ಮುರಿಯುತ್ತದೆ. 35 ವರ್ಷ ಮನೆ ನಡೆಸಿದವರು ಹೆಂಡತಿ. ಸಂತೆಯ ಚೀಲ ಹಿಡಿಯುವ ಕೆಲಸದಿಂದ ಶುರು ಮಾಡಿ. ಸೆಕ್ಯುರಿಟಿ ಕೆಲಸ ಸಿಕ್ಕರೆ ಹಗಲಿನದನ್ನೇ ಹಿಡಿಯಿರಿ. ರಾತ್ರಿ ಪಾಳಿ ಇನ್ನು ಸಾಕು.

ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿ ಬರುವುದು ಕಡಿಮೆ. ಮೊಣಕಾಲು ನೋವು, ಎದೆ ಉರಿ, ಮರೆವು, ಯಾವ ಔಷಧಿಗೂ ಬಗ್ಗದ ಸುಸ್ತು ಇವುಗಳ ವೇಷದಲ್ಲಿ ಬರುತ್ತದೆ. ರಿಪೋರ್ಟೆಲ್ಲ ಸರಿಯಿದ್ದೂ ಆರಾಮಿಲ್ಲ ಎನ್ನುವವರನ್ನು ಮನೋವೈದ್ಯರಿಗೆ ತೋರಿಸಿ.

ಹಳೆಯ ಪ್ರಕರಣಗಳ ಸಮನ್ಸ್ ನಿವೃತ್ತಿಯಾದ ಮೇಲೂ ಬರುತ್ತಲೇ ಇರುತ್ತವೆ. ಹತ್ತು ವರ್ಷದ ಹಿಂದಿನ ಕೊಲೆಯ ಫೋಟೊಗಳನ್ನು ಕಟಕಟೆಯಲ್ಲಿ ನಿಂತು ಮತ್ತೆ ನೋಡಬೇಕಾಗುತ್ತದೆ, ಆಗ ಮರೆತ ಕನಸುಗಳು ಮರಳುತ್ತವೆ. ಹಿಂದಿನ ದಿನವೇ ಸರಕಾರಿ ಅಭಿಯೋಜಕರನ್ನು ಕಂಡು ದಾಖಲೆ ಓದಿಕೊಳ್ಳಿ. ದೂರದ ಊರಾದರೆ ವಿಡಿಯೊ ಮೂಲಕ ಸಾಕ್ಷಿ ಹೇಳಲು ಆಗುತ್ತದೆಯೇ ಎಂದು ಕೇಳಿ. ಒಬ್ಬರೇ ಹೋಗಬೇಡಿ, ಬ್ಯಾಚಿನ ಒಬ್ಬರು ನ್ಯಾಯಾಲಯದ ಹೊರಗೆ ಕಾಯುತ್ತಿರಲಿ.

ಬ್ಯಾಚಿನ ಪಟ್ಟಿ

ಪ್ರತಿ ಬ್ಯಾಚಿಗೂ ವಾಟ್ಸ್‌ಆ್ಯಪ್ ಗುಂಪು ಇದ್ದೇ ಇದೆ. ಅಲ್ಲಿ ಶುಭೋದಯದ ಚಿತ್ರ ಬರುತ್ತದೆ, ಸತ್ತ ಸುದ್ದಿ ಬರುತ್ತದೆ, ನಡುವಿನದು ಬರುವುದಿಲ್ಲ. ಅದರ ಬದಲು ಕಾಗದದ ಮೇಲೆ ಪಟ್ಟಿ ಮಾಡಿ. 40 ಜನರ ಬ್ಯಾಚಾದರೆ 8 ಜನ ಕರೆ ಮಾಡುವವರು, ಒಬ್ಬೊಬ್ಬರ ಪಾಲಿಗೆ ಇನ್ನು ನಾಲ್ವರು. ಹದಿನೈದು ದಿನಕ್ಕೊಮ್ಮೆ ಫೋನ್, ಬರೀ ಮೆಸೇಜ್ ಅಲ್ಲ. ಪಟ್ಟಿಯಲ್ಲಿ ಮನೆಯವರ ನಂಬರೂ, ಹತ್ತಿರದಲ್ಲಿರುವ ಇನ್ನೊಬ್ಬ ಬ್ಯಾಚ್‌ಮೇಟಿನ ನಂಬರೂ ಇರಲಿ. ತೀರಿಕೊಂಡವರ ಹೆಂಡತಿಯ ಹೆಸರನ್ನು ಪಟ್ಟಿಯಿಂದ ತೆಗೆಯಬೇಡಿ. ಕುಟುಂಬ ಪಿಂಚಣಿಯ ಅರ್ಜಿ, ನವೆಂಬರಿನ ಜೀವಂತ ಪ್ರಮಾಣಪತ್ರಕ್ಕೆ ಅವರಿಗೆ ಒಬ್ಬರ ಜೊತೆ ಬೇಕಾಗುತ್ತದೆ.

ಏಪ್ರಿಲ್ 2ರ ಪೊಲೀಸ್ ಧ್ವಜ ದಿನ, ಅಕ್ಟೋಬರ್ 21ರ ಹುತಾತ್ಮರ ದಿನ ಮೈದಾನಕ್ಕೆ ಎಲ್ಲರೂ ಬರುತ್ತಾರೆ. ಆ ಎರಡು ದಿನ ಪಟ್ಟಿ ತಿದ್ದಿಕೊಳ್ಳಿ, ಯಾರು ಬಂದಿಲ್ಲ ಎಂದು ಗುರುತು ಮಾಡಿ. ಎರಡು ಸಲ ಕರೆ ಎತ್ತದಿದ್ದರೆ ಮನೆಯವರಿಗೆ ಮಾಡಿ. ಅವರೂ ಎತ್ತದಿದ್ದರೆ ಹತ್ತಿರದವರು ಅದೇ ಸಂಜೆ ಮನೆಗೆ ಹೋಗಲಿ. ಹೋಗುವಾಗ ಕಾರಣ ಹುಡುಕುವುದು ಬೇಡ, ‘ಈ ಕಡಿ ಬಂದಿದ್ದೆ, ಚಾ ಕುಡದ ಹೋಗೂಣಂತ ಬಂದೆ’ ಎಂದರೆ ಆಯಿತು.